ಕಥೆ ಬಿಟ್ಟು ಸಾಲಿಗೆ ಬಂದದ್ದು: ಎಂಟನೇ ತರಗತಿಯ ಒಂದು ಪ್ರಕರಣ

ಹಳೆ ಮೈಸೂರು ಸೀಮೆಯ ಒಂದು ಸರ್ಕಾರಿ ಶಾಲೆ. ಎಂಟನೇ ತರಗತಿಯ ಮಕ್ಕಳಿಗೆ ಪದ್ಯವೊಂದನ್ನು ಓದಿ ಅದರ ಬಗ್ಗೆ ತಾವೇ ಯೋಚಿಸಿ ಒಂದೆರಡು ಪುಟ ಬರೆಯುವುದನ್ನು ಕಲಿಸಲು ಅಲ್ಲಿನ ಕನ್ನಡ ಶಿಕ್ಷಕಿ ಮಾಡಿದ ಪ್ರಯತ್ನ ಈ ಪ್ರಕರಣದ ವಿಷಯ. ನಾನು ಆ ಭಾಗದಲ್ಲಿ ಭಾಷಾ ಶಿಕ್ಷಕರ ಜೊತೆ ಕೆಲಸ ಮಾಡುವವನು. ಹಿಂದಿನ ಬೆಂಚಿನಲ್ಲಿ ಕೂತು ಪಾಠ ಕೇಳಿದ್ದೇನೆ, ನೋಟ್‌ಬುಕ್ಕುಗಳನ್ನು ತಿರುವಿ ಓದಿದ್ದೇನೆ. ಊರು, ಶಾಲೆ, ಮನುಷ್ಯರು ಯಾರೆಂದು ತಿಳಿಯದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಶಿಕ್ಷಕಿಯನ್ನು ಮಕ್ಕಳು ಕರೆಯುವಂತೆಯೇ ಇಲ್ಲಿಯೂ ಮಿಸ್ ಎನ್ನುತ್ತೇನೆ.

ಹಿನ್ನೆಲೆ

ತರಗತಿಯಲ್ಲಿ ಮೂವತ್ತು ಚಿಲ್ಲರೆ ಮಕ್ಕಳು. ಅರ್ಧಕ್ಕಿಂತ ಹೆಚ್ಚು ಮನೆಗಳಲ್ಲಿ ದನ ಇವೆ, ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬರುವ ಮಕ್ಕಳೂ ಇದ್ದಾರೆ. ಓದಲು ಎಲ್ಲರಿಗೂ ಬರುತ್ತದೆ. ಬರೆಯಲು ಹೆಚ್ಚಿನವರಿಗೆ ಬರುತ್ತದೆ, ಆದರೆ ನೋಟ್ಸ್ ನೋಡಿಕೊಂಡು.

ಮಿಸ್ ಹತ್ತನೇ ತರಗತಿಗೂ ಪಾಠ ಮಾಡುತ್ತಾರೆ. ಎಸ್‌ಎಸ್‌ಎಲ್‌ಸಿಯಲ್ಲಿ ಪ್ರಥಮ ಭಾಷೆಗೆ 125 ಅಂಕ: 100 ಲಿಖಿತ ಪರೀಕ್ಷೆಗೆ, 25 ಆಂತರಿಕ ಮೌಲ್ಯಮಾಪನಕ್ಕೆ. ಅಲ್ಲಿ ಗಾದೆ ವಿಸ್ತರಣೆ, ಪ್ರಬಂಧ, ಪತ್ರ, ಸಂದರ್ಭ ಎಲ್ಲಕ್ಕೂ ಅಚ್ಚುಗಳಿವೆ. ಗಾದೆ ಬಂದರೆ ‘ಗಾದೆಗಳು ವೇದಗಳಿಗೆ ಸಮಾನ’ ಎಂದು ಶುರು. ಪ್ರಬಂಧ ಎಂದರೆ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. ಪದ್ಯ ಬಂದರೆ ಸಾರಾಂಶ, ಕೊನೆಗೊಂದು ನೀತಿ. ಈ ಅಚ್ಚುಗಳನ್ನು ಹಗುರವಾಗಿ ಕಾಣುವವರು ಸಾಲುಗಟ್ಟಿದ ಉತ್ತರ ಪತ್ರಿಕೆಗಳನ್ನು ಒಮ್ಮೆಯೂ ತಿದ್ದಿರಲಿಕ್ಕಿಲ್ಲ. ಅವು ಬಡ ಮಕ್ಕಳನ್ನು ಪಾಸು ಮಾಡಿಸಿವೆ. ಹತ್ತನೇ ತರಗತಿಯಲ್ಲಿ ಅವುಗಳನ್ನು ಬಿಡುವುದು ಸಾಧ್ಯವಿಲ್ಲ, ಎಂಟರಲ್ಲಾದರೆ ಉಸಿರಾಡಲು ಜಾಗ ಇದೆ ಎಂಬುದು ಮಿಸ್ ಲೆಕ್ಕ.

ಸಮಸ್ಯೆ

ಆಯ್ದುಕೊಂಡ ಪದ್ಯ ಗೋವಿನ ಹಾಡು. ‘ಧರಣಿ ಮಂಡಲ ಮಧ್ಯದೊಳಗೆ’ ಎಂದು ಯಾರಾದರೂ ಶುರು ಮಾಡಿದರೆ ಇಡೀ ತರಗತಿ ಮುಂದುವರಿಸುತ್ತದೆ. ಕರ್ತೃ ಯಾರೆಂದು ತಿಳಿಯದ, ಬಾಯಿಂದ ಬಾಯಿಗೆ ಬಂದ ಹಾಡು. ಹಾಗಾಗಿ ಪಾಠಾಂತರಗಳೂ ಇವೆ. ಒಂದೇ ಬೆಂಚಿನ ಇಬ್ಬರು ಎರಡು ಬಗೆಯಲ್ಲಿ ಹಾಡಿದ್ದನ್ನು ಕೇಳಿ ಮಿಸ್ ಒಂದು ಪಾಠವನ್ನು ಬೋರ್ಡಿನ ಮೇಲೆ ಬರೆದು, ‘ನಮ್ಮ ಕ್ಲಾಸಿಗೆ ಇದೇ’ ಎಂದು ನಿಲ್ಲಿಸಿದರು. ಇಲ್ಲಿ ಉಲ್ಲೇಖಿಸುವ ಸಾಲುಗಳೆಲ್ಲ ಆ ಪಾಠದವು.

‘ಈ ಹಾಡಿನ ಬಗ್ಗೆ ನಿಮಗೆ ಅನ್ನಿಸಿದ್ದನ್ನು ಬರೆಯಿರಿ’ ಎಂದಾಗ ಬಂದ ಬರಹಗಳನ್ನು ನಾವಿಬ್ಬರೂ ಕೂತು ಓದಿದೆವು. ಬಹುತೇಕ ಎಲ್ಲದರಲ್ಲೂ ಕಾಳಿಂಗನೆಂಬ ಗೊಲ್ಲ, ಪುಣ್ಯಕೋಟಿ ಎಂಬ ಹಸು, ಅರ್ಬುತ ಎಂಬ ಹುಲಿ, ಮಾತು ಕೊಟ್ಟದ್ದು, ಮರಳಿ ಬಂದದ್ದು, ಹುಲಿ ಪ್ರಾಣ ಬಿಟ್ಟದ್ದು ಇಷ್ಟೂ ಕ್ರಮವಾಗಿ ಇದ್ದವು. ಕೊನೆಗೆ ‘ಇದರಿಂದ ನಾವು ಸತ್ಯವನ್ನೇ ಹೇಳಬೇಕೆಂದು ತಿಳಿಯುತ್ತದೆ’. ನಡುವೆ ಅಲ್ಲಲ್ಲಿ ‘ಕವಿಯು ಸೊಗಸಾಗಿ ವರ್ಣಿಸಿದ್ದಾರೆ’. ಏನು ಸೊಗಸು, ಎಲ್ಲಿ ಸೊಗಸು ಎಂಬ ಮಾತಿಲ್ಲ. ಹಾಡನ್ನು ಕೇಳದೆ ಬರೀ ಕಥೆ ಕೇಳಿದವರೂ ಬರೆಯಬಹುದಾದ ಬರಹಗಳು. ಇವರಿಗಾದರೋ ಹಾಡಿನ ಪ್ರತಿ ಸಾಲೂ ಬಾಯಿಗೆ ಬರುತ್ತಿತ್ತು!

ಮಕ್ಕಳನ್ನು ದೂರುವ ಹಾಗಿರಲಿಲ್ಲ. ಒಂದನೇ ತರಗತಿಯಿಂದ ಅವರಿಗೆ ಕೇಳಿದ್ದು ‘ಮುಂದೇನಾಯಿತು’ ಮತ್ತು ‘ನೀತಿ ಏನು’ ಎಂಬ ಎರಡೇ ಪ್ರಶ್ನೆ.

ಮೊದಲು ಮಾಡಿ ನೋಡಿದ್ದು

ಒಂದು ತರಬೇತಿಯಲ್ಲಿ ಸಿಕ್ಕಿದ್ದ ಐದು ಪ್ಯಾರಾದ ಚಾರ್ಟನ್ನು ಮಿಸ್ ಗೋಡೆಗೆ ಅಂಟಿಸಿದರು. ಮೊದಲ ಪ್ಯಾರಾದಲ್ಲಿ ಮುಖ್ಯ ಅಭಿಪ್ರಾಯ, ಮುಂದಿನ ಮೂರರಲ್ಲಿ ಆಧಾರಗಳು, ಕೊನೆಯದರಲ್ಲಿ ತೀರ್ಮಾನ. ಮಕ್ಕಳು ಶಿಸ್ತಾಗಿ ಐದು ಪ್ಯಾರಾ ಬರೆದರು. ಮುಖ್ಯ ಅಭಿಪ್ರಾಯದ ಜಾಗದಲ್ಲಿ ‘ಈ ಪದ್ಯವು ಸತ್ಯದ ಬಗ್ಗೆ ಇದೆ’ ಎಂದು ಬಂತು. ಆಧಾರದ ಮೂರು ಪ್ಯಾರಾಗಳಿಗೆ ಅದೇ ಕಥೆಯನ್ನು ಮೂರು ತುಂಡು ಮಾಡಿ ಹಂಚಿದರು. ಸಾಲು ಉಲ್ಲೇಖಿಸಿ ಎಂದಿದ್ದಕ್ಕೆ ಇಡೀ ಚರಣಗಳನ್ನೇ ಇಳಿಸಿದರು, ಪುಟ ತುಂಬಿತು. ಹೇಳಲು ಮಾತಿದ್ದವನಿಗೆ ಚಾರ್ಟು ನೆರವಾದೀತು. ಇವರ ಹತ್ತಿರ ಹೇಳಲು ಇನ್ನೂ ಏನೂ ಹುಟ್ಟಿರಲಿಲ್ಲ. ಚಾರ್ಟು ಕೆಲವು ದಿನ ಗೋಡೆಯಲ್ಲಿದ್ದು ಆಮೇಲೆ ಬೀರುವಿನ ಹಿಂದೆ ಸೇರಿತು.

ಎರಡನೆಯದು ಚರ್ಚೆ. ‘ಹುಲಿ ಯಾಕೆ ಸಾಯಬೇಕಿತ್ತು?’ ಎಂದು ಕೇಳಿದ್ದೇ ತಡ, ತರಗತಿ ಎರಡು ಪಕ್ಷವಾಯಿತು. ಹಸಿದ ಹುಲಿ ತಿನ್ನುವುದು ಅದರ ಧರ್ಮ, ಅದಕ್ಕೆ ಪಾಪಪ್ರಜ್ಞೆ ಯಾಕೆ ಎಂದು ಒಂದು ಪಕ್ಷ. ಮಾತಿಗೆ ತಪ್ಪದವಳನ್ನು ತಿಂದಿದ್ದರೆ ಅದು ಹುಲಿಯೇ ಅಲ್ಲ ಎಂದು ಇನ್ನೊಂದು. ಬೆಲ್ ಹೊಡೆದರೂ ನಿಲ್ಲಲಿಲ್ಲ. ಅವತ್ತು ಹಿಂದಿನ ಬೆಂಚಿನಲ್ಲಿದ್ದ ನನಗೆ ಇದೇ ತಿರುವು ಅನ್ನಿಸಿತ್ತು. ಮರುದಿನ ಬರಹಗಳು ಬಂದವು. ಗದ್ದಲದಲ್ಲಿದ್ದ ಬಿಸಿ ಕಾಗದದ ಮೇಲೆ ‘ನನ್ನ ಅಭಿಪ್ರಾಯದಲ್ಲಿ ಹುಲಿ ಸಾಯಬಾರದಿತ್ತು, ಏಕೆಂದರೆ ಅದಕ್ಕೂ ಜೀವ ಇದೆ’ ಎಂಬಲ್ಲಿಗೆ ತಣ್ಣಗಾಗಿತ್ತು. ಯಾರೂ ಹಾಡಿಗೆ ಮರಳಿ ಹೋಗಿರಲಿಲ್ಲ. ಈ ಪ್ರಶ್ನೆಗೆ ಉತ್ತರಿಸಲು ಹಾಡು ಬೇಕಾಗಿಯೇ ಇರಲಿಲ್ಲ, ಕಥೆ ಗೊತ್ತಿದ್ದರೆ ಸಾಕಿತ್ತು. ಜೋರು ಚರ್ಚೆ ನಡೆದ ತರಗತಿಯನ್ನು ಒಳ್ಳೆಯ ತರಗತಿ ಎಂದು ನಾವು ವರದಿಯಲ್ಲಿ ಬರೆಯುತ್ತೇವಲ್ಲ, ಆ ಅಭ್ಯಾಸದ ಬಗ್ಗೆ ನನಗೆ ಅಂದಿನಿಂದ ಅನುಮಾನ.

ಅವತ್ತು ಸ್ಟಾಫ್ ರೂಮಿನಲ್ಲಿ ಮಿಸ್ ಒಂದು ನಿರ್ಧಾರಕ್ಕೆ ಬಂದರು. ಪ್ರಬಂಧವನ್ನೇ ಸದ್ಯಕ್ಕೆ ಬಿಡುವುದು. ಮಕ್ಕಳಿಗೆ ಈಗಾಗಲೇ ಗೊತ್ತಿರುವ, ಮೂರು ಅಂಕದ ‘ಸಂದರ್ಭದೊಡನೆ ಸ್ವಾರಸ್ಯ ವಿವರಿಸಿ’ ಎಂಬ ಪ್ರಶ್ನೆಯಿಂದಲೇ ಹೊರಡುವುದು. ಆ ಪ್ರಶ್ನೆ ಒಂದೇ ಸಾಲನ್ನು ಕೈಗೆ ಕೊಟ್ಟು ಇದರಲ್ಲಿ ಏನಿದೆ ಹೇಳು ಎನ್ನುತ್ತದೆ. ಸಾಹಿತ್ಯ ವಿಮರ್ಶೆಯ ಬೀಜ ನಮ್ಮ ಪ್ರಶ್ನೆಪತ್ರಿಕೆಯಲ್ಲೇ ಇದೆ. ಆದರೆ ಉತ್ತರದಲ್ಲಿ ಆಯ್ಕೆ (ಸಾಲು ಯಾವ ಪಾಠದ್ದು ಎಂಬುದು), ಸಂದರ್ಭ ಎರಡೇ ಬೆಳೆದು, ಸ್ವಾರಸ್ಯ ಎಂಬುದು ‘ಈ ಮಾತು ಅರ್ಥಪೂರ್ಣವಾಗಿದೆ’ ಎಂಬ ಒಂದು ವಾಕ್ಯಕ್ಕೆ ಒಣಗಿಹೋಗಿದೆ.

ಮಿಸ್ ಅದನ್ನು ತಲೆಕೆಳಗು ಮಾಡಿದರು. ಅರ್ಧ ಪುಟ ಬರೆಯಬೇಕು. ಸಂದರ್ಭ ಎರಡು ವಾಕ್ಯ ಮೀರಬಾರದು, ಉಳಿದದ್ದೆಲ್ಲ ಸ್ವಾರಸ್ಯ. ‘ಸೊಗಸಾಗಿ’, ‘ಮನೋಜ್ಞವಾಗಿ’, ‘ಅರ್ಥಪೂರ್ಣವಾಗಿ’ ಎಂದು ಬರೆದರೆ ಮುಂದಿನ ವಾಕ್ಯ ‘ಹೇಗೆಂದರೆ’ ಎಂದೇ ಶುರುವಾಗಬೇಕು. ಇಷ್ಟಕ್ಕೂ ಆಧಾರವಾಗಿ ಒಂದೇ ಪ್ರಶ್ನೆ: ಈ ಸಾಲು ಇಲ್ಲದೇ ಹೋಗಿದ್ದರೆ ಹಾಡಿಗೆ ಏನು ಕಡಿಮೆಯಾಗುತ್ತಿತ್ತು?

ಬರೆದ ಮೇಲೆ ಬೆಂಚಿನ ಜೊತೆಗಾರ ನೋಟ್‌ಬುಕ್ ತೆಗೆದುಕೊಂಡು ಕಥೆ ಹೇಳುವ ವಾಕ್ಯಗಳ ಕೆಳಗೆ ಕೆಂಪು ಗೆರೆ, ಸಾಲಿನ ಬಗ್ಗೆ ಹೇಳುವ ವಾಕ್ಯಗಳ ಕೆಳಗೆ ನೀಲಿ ಗೆರೆ ಎಳೆಯಬೇಕು. ಮೊದಲ ಸಲ ಪುಟಗಳೆಲ್ಲ ಕೆಂಪಾದವು. ಮಿಸ್ ಬಾಯಲ್ಲಿ ಹೇಳಿ ಸೋತಿದ್ದನ್ನು ಗೆರೆಗಳು ಹೇಳಿದವು.

‘ಒದೆಯಬೇಡಿ’

ಸಾಲು ಆಯ್ಕೆ ಮಕ್ಕಳದ್ದು. ಹೆಚ್ಚಿನವರು ‘ಸತ್ಯವೆ ನಮ್ಮ ತಾಯಿ ತಂದೆ’ಯನ್ನೇ ಹಿಡಿದರು, ಬಹಳ ದೂರ ಹೋಗಲಿಲ್ಲ. ಆ ಸಾಲು ತಾನೇ ಎಲ್ಲವನ್ನೂ ಹೇಳಿಬಿಡುತ್ತದೆ, ಓದುವವನಿಗೆ ಕೆಲಸ ಉಳಿಸುವುದಿಲ್ಲ.

ಹಿಂದಿನಿಂದ ಎರಡನೇ ಬೆಂಚಿನ ಒಬ್ಬ ಹುಡುಗ ಬೇರೆ ಸಾಲು ಹಿಡಿದ. ತರಗತಿಯಲ್ಲಿ ಅವನದು ತೀರಾ ಕಚ್ಚಾ ಬರವಣಿಗೆ. ಅಕಾರ ಹಕಾರ ಅದಲು ಬದಲು, ಮಹಾಪ್ರಾಣ ಬಂದರೆ ಬಂತು ಇಲ್ಲದಿದ್ದರೆ ಇಲ್ಲ. ಅವನು ಆರಿಸಿಕೊಂಡದ್ದು, ಪುಣ್ಯಕೋಟಿ ದೊಡ್ಡಿಯ ಮಿಕ್ಕ ಹಸುಗಳಿಗೆ ಕರುವನ್ನು ಒಪ್ಪಿಸುವ ಮಾತು: ‘ಮುಂದೆ ಬಂದರೆ ಹಾಯಬೇಡಿ, ಹಿಂದೆ ಬಂದರೆ ಒದೆಯಬೇಡಿ’. ಅವನು ಬರೆದದ್ದು ಇಷ್ಟು, ಕಾಗುಣಿತ ಮಾತ್ರ ನಾನು ಸರಿ ಮಾಡಿದ್ದೇನೆ:

‘ನಮ್ಮನೆ ಹಸ ಬೇರೆ ಕರ ಬಂದರೆ ಮೂಸಿ ನೋಡ್ತದೆ. ತನ್ನದಲ್ಲ ಅಂತ ಗೊತ್ತಾದರೆ ಒದೀತದೆ. ಸೇರಿಸಲ್ಲ. ಅದಕ್ಕೆ ಪುಣ್ಯಕೋಟಿ ಹಂಗೆ ಹೇಳಿದ್ದು.’

ಮಿಸ್ ಅದನ್ನು ಗಟ್ಟಿಯಾಗಿ ಓದಿದರು. ದನ ಇರುವ ಮನೆಯ ಮಕ್ಕಳು ತಲೆಯಾಡಿಸಿದರು. ಹಸು ತನ್ನ ಕರುವನ್ನು ವಾಸನೆಯಿಂದ ಗುರುತಿಸುತ್ತದೆ, ಪರರ ಕರುವನ್ನು ಕೆಚ್ಚಲಿಗೆ ಬಿಟ್ಟುಕೊಳ್ಳುವುದು ಅಪರೂಪ, ಇದು ಅವರಿಗೆ ದಿನಬೆಳಗಾದರೆ ಕಾಣುವ ಸಂಗತಿ. ‘ಹಾಗಾದ್ರೆ ಈ ಹಾಡು ಕಟ್ಟಿದೋರು ದನ ಸಾಕಿದೋರೇ ಇರ್ಬೇಕು ಮಿಸ್’ ಎಂದು ಇನ್ನೊಬ್ಬ ಸೇರಿಸಿದ. ಅಲ್ಲಿಯವರೆಗೆ ಹಾಡಿನ ಬಗ್ಗೆ ತರಗತಿಯಲ್ಲಿ ಬಂದ ಮಾತುಗಳಲ್ಲಿ ನೀತಿ ಬಿಟ್ಟು ಹಾಡನ್ನು ಕಟ್ಟಿದವರ ಕಡೆ ತಿರುಗಿದ ಮೊದಲ ಮಾತು ಅದು.

ಆಮೇಲೆ ನಡೆದದ್ದನ್ನು ಯಾರೂ ಯೋಜಿಸಿರಲಿಲ್ಲ. ಮೊದಲ ಬೆಂಚಿನಲ್ಲಿ ಪ್ರತಿ ಸಲ ಹೆಚ್ಚು ಅಂಕ ತೆಗೆಯುವ ಹುಡುಗಿಯೊಬ್ಬಳಿದ್ದಾಳೆ. ಈ ಹೊಸ ಪದ್ಧತಿ ಅವಳಿಗೆ ಒಂದು ಚೂರೂ ಹಿಡಿಸಿರಲಿಲ್ಲ. ‘ಮಿಸ್, ಇದು ಎಕ್ಸಾಮಿಗೆ ಬರುತ್ತಾ? ಎಷ್ಟು ಮಾರ್ಕ್ಸಿಗೆ ಎಷ್ಟು ಸಾಲು ಬರೀಬೇಕು?’ ಎಂದು ಪ್ರತಿ ಪೀರಿಯಡ್ಡಿನಲ್ಲೂ ಕೇಳುತ್ತಿದ್ದಳು. ಅವಳು ಆ ಹೊತ್ತಿನಲ್ಲಿ ತನ್ನಷ್ಟಕ್ಕೆ ಹಾಡನ್ನು ಗುನುಗುತ್ತಾ ಹಿಂದಕ್ಕೆ ಹೋಗಿದ್ದಳು. ಕರು ತಾಯಿಯನ್ನು ಕೇಳುವ ಚರಣ: ‘ಆರ ಮೊಲೆಯನು ಕುಡಿಯಲಮ್ಮ, ಆರ ಸೇರಿ ಬದುಕಲಮ್ಮ, ಆರ ಬಳಿಯಲಿ ಮಲಗಲಮ್ಮ’. ‘ಮಿಸ್, ಕರು ಮೊದಲು ಕೇಳೋದೇ ಹಾಲು. ಅಮ್ಮ ಬೇರೆ ಹಸುಗಳ ಹತ್ರ ಹಾಲು ಕೊಡಿ ಅಂತ ಕೇಳೋದೇ ಇಲ್ವಲ್ಲ?’

ಎಲ್ಲರೂ ಬೋರ್ಡ್ ಕಡೆ ನೋಡಿದರು. ಹೌದು. ಹಾಯಬೇಡಿ, ಒದೆಯಬೇಡಿ, ನಿಮ್ಮ ಕಂದನೆಂದು ಕಾಣಿರಿ, ಇಷ್ಟೇ. ಹಾಲಿನ ಮಾತಿಲ್ಲ.

‘ಕೇಳಿದ್ರೂ ಕೊಡಲ್ಲ ಅಂತ ಅದಕ್ಕೆ ಗೊತ್ತು’ ಎಂದ ಹಿಂದಿನ ಹುಡುಗ.

ಈ ಓದಿನಲ್ಲಿ ಎರಡು ಬಗೆಯ ತಿಳಿವಳಿಕೆ ಸೇರಿದೆ. ಅವನಿಗೆ ದನದ ಸ್ವಭಾವ ಗೊತ್ತು. ಅವಳಿಗೆ ಹಾಡು ಪೂರ್ತಿ ಬಾಯಿಪಾಠ, ಅದಕ್ಕೇ ಒಂದು ಚರಣದಲ್ಲಿ ನಿಂತು ಇನ್ನೊಂದು ಚರಣಕ್ಕೆ ಕೈ ಚಾಚಲು ಸಾಧ್ಯವಾಯಿತು. ಬಾಯಿಪಾಠ ಯೋಚನೆಯ ಶತ್ರು ಎಂದು ತರಬೇತಿಗಳಲ್ಲಿ ಸಲೀಸಾಗಿ ಹೇಳುವವರ ಮುಂದೆ ನಾನು ಈಗ ಈ ಹುಡುಗಿಯನ್ನು ನಿಲ್ಲಿಸುತ್ತೇನೆ. ನೋಟ್ಸನ್ನು ಉರು ಹೊಡೆಯುವುದು ಬೇರೆ, ಪದ್ಯವನ್ನೇ ನಾಲಿಗೆಯ ಮೇಲೆ ಇಟ್ಟುಕೊಳ್ಳುವುದು ಬೇರೆ.

ಮಿಸ್ ಅಲ್ಲೇ ಇನ್ನೊಂದು ನಿರ್ಧಾರ ಮಾಡಿದರು. ಇಬ್ಬರೂ ಸೇರಿ ಒಂದೇ ಬರಹ ಬರೆಯಲಿ, ಅಂಕ ಇಬ್ಬರಿಗೂ ಒಂದೇ. ಹುಡುಗಿಯ ಮುಖ ಸಪ್ಪಗಾಯಿತು. ಹುಡುಗನಿಗೆ ಅವಳ ಪಕ್ಕ ಕೂರುವುದೇ ಸಂಕೋಚ. ಕೊನೆಗೆ ನಡುವೆ ಒಂದು ಬ್ಯಾಗ್ ಇಟ್ಟುಕೊಂಡು ಕೂತರು.

ಎಡಪುಟ, ಬಲಪುಟ

ಅಡ್ಡಿ ಬಂದದ್ದು ಹೊರಗಿನಿಂದ. ಮುಖ್ಯ ಶಿಕ್ಷಕರು ನೋಟ್‌ಬುಕ್ ಪರಿಶೀಲಿಸುವಾಗ ತಪ್ಪು ಕಾಗುಣಿತಗಳು ತಿದ್ದದೆ ಹಾಗೇ ಇರುವುದನ್ನು ಕಂಡರು. ‘ನಾಳೆ ಮೇಲಿನವರು ಬಂದು ನೋಡಿದರೆ ಏನು ಹೇಳೋಣ ಮೇಡಂ?’ ಎಂದು ಕೇಳಿದರು. ಕೇಳಿದ್ದು ತಪ್ಪೇನಲ್ಲ, ಉತ್ತರ ಕೊಡಬೇಕಾದವರು ಅವರೇ. ಅದೇ ವಾರ ತಂದೆಯೊಬ್ಬರು ಬಂದು, ಪಕ್ಕದ ಶಾಲೆಯಲ್ಲಿ ನೋಟ್ಸ್ ಬರೆಸಿ ಮುಗಿಸಿದ್ದಾರೆ, ಇಲ್ಲಿ ಇನ್ನೂ ಒಂದೇ ಹಸುವಿನ ಹಿಂದೆ ಸುತ್ತುತ್ತಿದ್ದೀರಿ ಎಂದು ಬೇಸರ ಹೇಳಿಕೊಂಡು ಹೋದರು.

ಮೊದಲ ಕರಡಿನಲ್ಲೇ ಕಾಗುಣಿತ ತಿದ್ದಿದರೆ ಹಿಂದಿನ ಬೆಂಚಿನ ಹುಡುಗ ಮತ್ತೆ ‘ಸೊಗಸಾಗಿ ವರ್ಣಿಸಿದ್ದಾರೆ’ಗೆ ಓಡಿಹೋಗುತ್ತಾನೆ ಎಂದು ಮಿಸ್‌ಗೆ ಗೊತ್ತಿತ್ತು. ಆ ವಾಕ್ಯದಲ್ಲಿ ಅವನಿಗೆ ಕಾಗುಣಿತ ತಪ್ಪುವುದಿಲ್ಲ, ಅಷ್ಟು ಸಲ ಬರೆದಿದ್ದಾನೆ. ತಿದ್ದದೇ ಬಿಟ್ಟರೆ ಹತ್ತನೇ ತರಗತಿಯಲ್ಲಿ ಅಂಕ ಹೋಗುತ್ತದೆ. ಅವರು ಕಂಡುಕೊಂಡ ದಾರಿ: ನೋಟ್‌ಬುಕ್ಕಿನ ಎಡಪುಟ ಪೆನ್ಸಿಲಿನದು, ಆಡುಮಾತು ನಡೆಯುತ್ತದೆ, ಮಿಸ್ ಕೆಂಪು ಪೆನ್ನು ಅಲ್ಲಿಗೆ ಬರುವುದಿಲ್ಲ. ಬಲಪುಟ ಶಾಯಿಯದು, ಗ್ರಂಥಸ್ಥ ಕನ್ನಡ, ಅಲ್ಲಿ ಒತ್ತಕ್ಷರವೂ ಬಿಡದೆ ತಿದ್ದುತ್ತಾರೆ. ಮುಖ್ಯ ಶಿಕ್ಷಕರು ಒಪ್ಪಿದರು. ನೀತಿಯೊಂದಿಗೆ ಸಾರಾಂಶವನ್ನೂ ಒಂದು ಪುಟದಲ್ಲಿ ಬರೆಸಿ ಪೋಷಕರನ್ನು ಸಮಾಧಾನ ಮಾಡಿದ್ದಾಯಿತು.

ಎಡಪುಟದಿಂದ ಬಲಪುಟಕ್ಕೆ ಬರುವ ಆ ಹೆಜ್ಜೆಯಲ್ಲಿ ಮಿಸ್ ಹೆಚ್ಚು ಹೊತ್ತು ಕಳೆದರು. ಜೋಡಿ ಬರಹದ ಬಲಪುಟ ಕೊನೆಗೆ ಹೀಗೆ ನಿಂತಿತು:

‘ಕರು ತಾಯಿಯನ್ನು ಮೊದಲು ಕೇಳುವುದು ಹಾಲಿನ ಬಗ್ಗೆ. ಆದರೆ ಪುಣ್ಯಕೋಟಿ ಬೇರೆ ಹಸುಗಳನ್ನು ಬೇಡುವಾಗ ಹಾಲು ಕೊಡಿ ಎನ್ನುವುದಿಲ್ಲ. ಹಾಯಬೇಡಿ, ಒದೆಯಬೇಡಿ ಎಂದಷ್ಟೇ ಬೇಡುತ್ತಾಳೆ. ಹಸು ಪರರ ಕರುವಿಗೆ ಹಾಲು ಕೊಡುವುದಿಲ್ಲ, ಒದೆಯುತ್ತದೆ. ಇದು ಅವಳಿಗೆ ತಿಳಿದಿದೆ. ಸಿಗದಿರುವುದನ್ನು ಅವಳು ಕೇಳುವುದಿಲ್ಲ. ಕರುವಿಗೆ ಸುಳ್ಳು ಸಮಾಧಾನವನ್ನೂ ಹೇಳುವುದಿಲ್ಲ. ಹುಲಿಗೆ ಮಾತು ಕೊಟ್ಟಾಗ ಮಾತ್ರವಲ್ಲ, ಮಗುವಿನ ಹತ್ತಿರವೂ ಅವಳು ಸುಳ್ಳು ಹೇಳಲಿಲ್ಲ.’

ಕೊನೆಯ ವಾಕ್ಯ ಹುಡುಗಿಯದು. ಸತ್ಯವೇ ಈ ಹಾಡಿನ ವಿಷಯ ಎಂಬ, ಎಲ್ಲರೂ ಮೊದಲೇ ಬರೆದಿದ್ದ ಮಾತಿಗೇ ಅವಳು ಮರಳಿ ಬಂದಿದ್ದಾಳೆ. ಆದರೆ ಈಗ ಅದು ಹಾಡಿನೊಳಗಿಂದ ಎದ್ದು ಬಂದಿದೆ, ಹುಲಿಯ ಗುಹೆ ಬಿಟ್ಟು ದೊಡ್ಡಿಯಲ್ಲಿ ಸಿಕ್ಕಿದೆ.

ಇನ್ನೊಂದು ಗುಂಪು ‘ಖಂಡವಿದೆಕೋ ಮಾಂಸವಿದೆಕೋ’ ಚರಣವನ್ನು ಕೈಗೆತ್ತಿಕೊಂಡಿತು. ಖಂಡ, ಗುಂಡಿಗೆ, ಚಂಡ, ಉಂಡು ಎಂದು ನಾಲ್ಕೂ ಸಾಲಿನ ಮೊದಲಲ್ಲಿ ಒಂದೇ ಬಡಿತ. ವ್ಯಾಕರಣದ ಪೀರಿಯಡ್ಡಿನಲ್ಲಿ ಆದಿಪ್ರಾಸ ಎಂದು ಲಕ್ಷಣ ಬರೆದುಕೊಂಡಿದ್ದರು, ಅಲ್ಲಿಗೆ ಮುಗಿದಿತ್ತು. ಈಗ ಒಬ್ಬಳು, ಈ ಚರಣ ಹೇಳುವಾಗ ಹಸು ಅಳುತ್ತಿಲ್ಲ, ತೆಗೆದು ತೆಗೆದು ಮುಂದೆ ಇಡುತ್ತಿದೆ ಅನ್ನಿಸುತ್ತದೆ ಎಂದಳು. ಅದೇ ಅಂಡ, ಉಂಡು ಸದ್ದನ್ನು ‘ಅಮ್ಮಗಳಿರಾ ಅಕ್ಕಗಳಿರಾ’ ಚರಣದ ‘ಮ್ಮ’ ಜೊತೆ ಹೋಲಿಸಿ ಎಂದು ಮಿಸ್ ಸೂಚಿಸಿದರು. ಅಲ್ಲಿ ಬೇಡಿಕೆಯ ದನಿ, ಇಲ್ಲಿ ಒಪ್ಪಿಸುವ ದನಿ. ಬರೆಯಲು ಮಕ್ಕಳಿಗೆ ಕಷ್ಟವಾಯಿತು, ಆದರೆ ಗಟ್ಟಿಯಾಗಿ ಓದಿದಾಗ ವ್ಯತ್ಯಾಸ ಎಲ್ಲರಿಗೂ ಕೇಳಿಸಿತು.

ಅರ್ಧ ಪುಟಗಳನ್ನು ಸೇರಿಸಿ ಪೂರ್ತಿ ಪ್ರಬಂಧ ಮಾಡುವ ಹಂತ ಅಷ್ಟು ಚೆನ್ನಾಗಿ ಸಾಗಲಿಲ್ಲ. ಎರಡು ಅರ್ಧ ಪುಟಗಳನ್ನು ಅಕ್ಕಪಕ್ಕ ಇಟ್ಟು ‘ಇವೆರಡೂ ಸೇರಿ ಏನು ಹೇಳುತ್ತಿವೆ?’ ಎಂಬ ಪ್ರಶ್ನೆಗೆ ಉತ್ತರವಾಗಿ ಮೊದಲ ವಾಕ್ಯ ಬರೆಯಬೇಕಿತ್ತು. ಅನೇಕರು ‘ಮತ್ತು’, ‘ಅಲ್ಲದೆ’ ಹಾಕಿ ಅಂಟಿಸಿದರು. ಹುಲಿಯ ಚರ್ಚೆ ಇಲ್ಲಿ ಉಪಯೋಗಕ್ಕೆ ಬಂತು. ‘ನುಸುಳಿ ಹೋಗುವೆ ಮತ್ತೆ ಬರುವೆಯ, ಹುಸಿಯನಾಡುವೆ’ ಎಂದು ಅನುಮಾನಿಸಿದ ಹುಲಿಯೇ ಕೊನೆಗೆ ‘ಒಡಹುಟ್ಟಕ್ಕ’ ಎಂದು ಕರೆಯುವುದನ್ನು ಹಿಡಿದು ಕೆಲವರು ಹುಲಿ ಬದಲಾದ ಬಗೆಯನ್ನು ಬರೆದರು. ಅಷ್ಟರಲ್ಲಿ ಅವರಿಗೆ ಸಾಲು ನೋಡುವ ಅಭ್ಯಾಸವಾಗಿತ್ತು.

ಏನಾಯಿತು

ಗೊತ್ತಿರುವ ಹಾಡಿನಲ್ಲಿ ಕಲಿತದ್ದು ಬೇರೆಡೆಗೆ ಒಯ್ಯುತ್ತಾರೆಯೇ ಎಂದು ನೋಡಲು ಮಿಸ್ ಬಸವಣ್ಣನವರ ‘ಉಳ್ಳವರು ಶಿವಾಲಯವ ಮಾಡುವರು’ ವಚನವನ್ನು ಯಾವ ವಿವರಣೆಯೂ ಇಲ್ಲದೆ ಕೊಟ್ಟರು. ಮೂರರಲ್ಲಿ ಒಂದು ಪಾಲು ಮಕ್ಕಳು ‘ದೇವರು ಎಲ್ಲೆಡೆ ಇದ್ದಾನೆ’ ಎಂದು ನೀತಿಗೆ ಹಾರಿದರು. ಇನ್ನು ಕೆಲವರು ಕಾಲು ಕಂಬವಾಗುವುದು, ದೇಹ ದೇಗುಲವಾಗುವುದು ಎಂದು ಕೆಳಗಿನಿಂದ ಮೇಲಕ್ಕೆ ಗುಡಿ ಕಟ್ಟುವ ಕ್ರಮವನ್ನು ಗುರುತಿಸಿದರು. ಒಬ್ಬ ಹುಡುಗನ ಎಡಪುಟದಲ್ಲಿ ಹೀಗಿತ್ತು: ‘ನಾನು ಬಡವ ಅಂತ ಹೇಳಿ ಆಮೇಲೆ ಹೊನ್ನ ಕಳಶ ಅಂತಾರೆ. ಬಡವನಿಗೆ ಚಿನ್ನ ಎಲ್ಲಿಂದ ಬಂತು? ತಲೆನೇ ಚಿನ್ನ. ಹಂಗಾದ್ರೆ ಬಡವ ಅಂದಿದ್ದು ಉಳ್ಳವರ ಲೆಕ್ಕದಲ್ಲಿ ಮಾತ್ರ.’ ಬಲಪುಟಕ್ಕೆ ಬರುವಷ್ಟರಲ್ಲಿ ಅವನು ಕೊನೆಯ ವಾಕ್ಯವನ್ನು ಬಿಟ್ಟಿದ್ದ, ಶುದ್ಧ ಕನ್ನಡದಲ್ಲಿ ಹೇಗೆ ಹೇಳುವುದೆಂದು ತಿಳಿಯಲಿಲ್ಲವಂತೆ. ಮಿಸ್ ಮತ್ತೆ ಸೇರಿಸಿಸಿದರು.

ಪರೀಕ್ಷೆಯಲ್ಲಿ ದೊಡ್ಡ ಏರಿಕೆ ಕಾಣಲಿಲ್ಲ. ಸಂದರ್ಭದ ಪ್ರಶ್ನೆಗಳಿಗೆ ಉತ್ತರ ಬೆಳೆಯಿತು, ಅದರಿಂದಲೇ ಕೆಲವರಿಗೆ ಕೊನೆಯ ಪ್ರಶ್ನೆಗಳಿಗೆ ಸಮಯ ಸಾಲಲಿಲ್ಲ. ಮೊದಲ ಬೆಂಚಿನ ಹುಡುಗಿ ಎರಡು ಅಂಕ ಕಡಿಮೆಯಾಯಿತೆಂದು ಅತ್ತಳು. ಹಿಂದಿನ ಬೆಂಚಿನ ಹುಡುಗನ ಕಾಗುಣಿತ ಇನ್ನೂ ಹಾಗೇ ಇದೆ, ಆದರೆ ಖಾಲಿ ಪುಟ ಕೊಡುವುದನ್ನು ನಿಲ್ಲಿಸಿದ್ದಾನೆ.

ಇದನ್ನು ತಮ್ಮ ತರಗತಿಯಲ್ಲಿ ಮಾಡಲು ಬಯಸುವ ಶಿಕ್ಷಕರಿಗೆ ಎರಡು ಮಾತು ಹೇಳಬೇಕು. ಬಾಯಿಪಾಠ ಇರುವ ಪದ್ಯದಿಂದಲೇ ಶುರು ಮಾಡಿ, ಹೊಸ ಪದ್ಯದ ಅರ್ಥದ ಜೊತೆಗೇ ವಿಶ್ಲೇಷಣೆಯನ್ನೂ ಹೇರಿದರೆ ಎರಡೂ ಕೆಡುತ್ತವೆ. ‘ಈ ಸಾಲು ಇಲ್ಲದಿದ್ದರೆ’ ಎಂಬ ಪ್ರಶ್ನೆಯನ್ನು ಬಿಡಬೇಡಿ, ಉಳಿದ ನಿಯಮಗಳನ್ನು ನಿಮ್ಮ ಮಕ್ಕಳಿಗೆ ಬೇಕಾದಂತೆ ಬದಲಿಸಿಕೊಳ್ಳಿ.

ಬದಲಿಸಲೇಬೇಕಾಗುತ್ತದೆ ಕೂಡ. ನಗರದ ಶಾಲೆಯೊಂದರ ಶಿಕ್ಷಕರು ಇದೇ ಹಾಡನ್ನು ಇದೇ ಕ್ರಮದಲ್ಲಿ ಮಾಡಿಸಿದರು. ಹಾಲಿನ ಪ್ಯಾಕೆಟ್ ಮಾತ್ರ ಕಂಡ ಅಲ್ಲಿನ ಮಕ್ಕಳಿಗೆ ‘ಒದೆಯಬೇಡಿ’ ಸಾಲು ಏನನ್ನೂ ಬಿಟ್ಟುಕೊಡಲಿಲ್ಲ. ಅವರು ಹಿಡಿದದ್ದು ‘ಹಸಿದ ವೇಳೆಗೆ ಸಿಕ್ಕಿದೊಡವೆಯ’ ಎಂಬ ಹುಲಿಯ ಮಾತನ್ನು. ಹಸುವನ್ನು ಹುಲಿ ‘ಒಡವೆ’ ಎನ್ನುತ್ತದೆ, ಕೊನೆಗೆ ‘ಅಕ್ಕ’ ಎನ್ನುತ್ತದೆ, ಈ ನಡುವೆ ಏನಾಯಿತು ಎಂದು ಬರೆದಿದ್ದಾರೆ. ಆ ನೋಟ್‌ಬುಕ್ಕುಗಳನ್ನು ನಮ್ಮ ಮಿಸ್‌ಗೆ ತೋರಿಸಿದೆ. ಮುಂದಿನ ವರ್ಷಕ್ಕೆ ಆ ಸಾಲನ್ನೂ ಬೋರ್ಡಿನಲ್ಲಿ ಗುರುತು ಹಾಕಿಡುತ್ತೇನೆ ಎಂದರು. ಗದ್ಯಪಾಠಕ್ಕೆ ಅರ್ಧ ಪುಟದ ಕ್ರಮ ಹೊಂದುತ್ತದೆಯೇ ಎಂಬುದನ್ನು ಅವರು ಈಗಷ್ಟೇ ಮಾಡಿ ನೋಡುತ್ತಿದ್ದಾರೆ. ಅಲ್ಲಿ ಒಂದು ಸಾಲನ್ನು ಆರಿಸಿಕೊಳ್ಳುವುದೇ ಮಕ್ಕಳಿಗೆ ಕಷ್ಟವಾಗಿದೆ, ಕೆಂಪು ಗೆರೆಗಳು ಮತ್ತೆ ಹೆಚ್ಚಿವೆ.